ತಲೆಯ ಮೇಲಿನ ನಾಲ್ಕಡಿ ನೀರು

ಮಲಗುವ ಕೋಣೆಯ ಬಾಗಿಲು ಹಿಡಿಯುತ್ತಿದೆ ಎಂದು ಮೊದಲು ಹೇಳಿದವರು ನಮ್ಮ ಅತ್ತೆ. ಅಂದು ಭಾನುವಾರ, ಬೆಳಗಿನ ತಿಂಡಿ ಮುಗಿದಿತ್ತು. ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಅವರು ವಿಜಯಪುರದಿಂದ ನಮ್ಮಲ್ಲಿಗೆ ಬಂದಿದ್ದರು. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟು ಚೇತರಿಸಿಕೊಂಡಿದ್ದರು. ಸೀರೆ ಬದಲಿಸಬೇಕೆಂದು ಬಾಗಿಲು ಮುಚ್ಚಲು ನೂಕಿದರೆ ಅದು ಮೇಲ್ತುದಿಯಲ್ಲಿ ಚೌಕಟ್ಟಿಗೆ ಸಿಕ್ಕಿಕೊಂಡು ಪೂರ್ತಿ ಮುಚ್ಚದೆ ನಿಂತಿತಂತೆ.

“ಯವ್ವಾ, ನಿನ್ನೆ ಸಂಜೀಕ ಈ ಬಾಗ್ಲಾ ಚಲೋ ಇತ್ತಲ್ಲ. ಈಗ್ಯಾಕ ಹಿಂಗ ಮಾಡಾಕತ್ತೈತಿ?” ಎಂದರು.

ನಾನೂ ಭುಜ ಕೊಟ್ಟು ನೂಕಿದೆ. ಬಾಗಿಲು ಕಿರ್ರೆಂದಿತೇ ಹೊರತು ಮುಚ್ಚಿಕೊಳ್ಳಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬುವುದು ಗೊತ್ತು. ಆದರೆ ಅದು ಯಲಹಂಕದ ಕಡುಬೇಸಿಗೆ. ಬೀದಿಯ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟು, ನೀರಿನ ಟ್ಯಾಂಕರಿಗಾಗಿ ಜನ ಕಾಯುತ್ತಿದ್ದ ಕಾಲ. ಮರ ಉಬ್ಬಲು ಗಾಳಿಯಲ್ಲಿ ಪಸೆಯೇ ಇರಲಿಲ್ಲ.

ತಲೆಯ ಮೇಲೆ ಮಾತ್ರ ನೀರಿತ್ತು. ಟ್ಯಾಂಕರಿನ ಮೋಟಾರು ಬೆಳಗಿನಿಂದ ಮನೆಯ ಮುಂದೆ ಗುರುಗುಟ್ಟುತ್ತಿತ್ತು. ದಪ್ಪ ಪೈಪೊಂದು ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಟೆರೇಸಿಗೆ ಏರಿತ್ತು.

ನಾವಿದ್ದದ್ದು ಎರಡನೆಯ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಓನರ್ ಮತ್ತು ಅವರ ಹೆಂಡತಿ, ನಡುವಿನ ಮಹಡಿಯಲ್ಲಿ ಇನ್ನೊಂದು ಬಾಡಿಗೆ ಸಂಸಾರ, ಮೇಲೆ ನಾವು. ಓನರ್ ಹಳೆಯ ಒಕ್ಕಲು ಮನೆತನದವರು. ರಾಜಾನುಕುಂಟೆಯ ಕಡೆ ಇದ್ದ ಅವರ ಹೊಲಗಳೆಲ್ಲ ಲೇಔಟ್ ಆಗಿದ್ದವು. ರಾಗಿ ಬೆಳೆಯುತ್ತಿದ್ದ ಕೈಯಲ್ಲೇ ಅವರು ಮನೆ ಕಟ್ಟಿಸುವುದನ್ನು ಕಲಿತಿದ್ದರು. ಈ ಮನೆಯ ಮೋಲ್ಡಿಗೆ, ಅಂದರೆ ತಾರಸಿಗೆ, ಸಿಮೆಂಟ್ ಕಲಸುವಾಗ ಹಗಲೆಲ್ಲ ಬಿಸಿಲಲ್ಲಿ ನಿಂತು ನೋಡಿಕೊಂಡಿದ್ದರೆಂದು ಓನರಮ್ಮ ಆಗಾಗ ಹೇಳುತ್ತಿದ್ದರು. ಒಬ್ಬಳೇ ಮಗಳು. ಅವಳ ಮಗುವಿನ ಹುಟ್ಟುಹಬ್ಬ ಆ ದಿನ ಸಂಜೆ. ಮೊಮ್ಮಗಳಿಗೆ ನೀರಾಟವೆಂದರೆ ಪ್ರಾಣ. ಅದಕ್ಕೇ ತಾತ ಟೆರೇಸಿನ ಮೇಲೆ ಇಟ್ಟಿಗೆಯ ಗೋಡೆ ಎಬ್ಬಿಸಿ, ನೀಲಿ ಟೈಲ್ಸ್ ಹಾಕಿಸಿ, ಈಜುಕೊಳ ಮಾಡಿಸಿದ್ದರು. ಅಂದು ಅದಕ್ಕೆ ಮೊದಲ ಬಾರಿ ನೀರು ತುಂಬುತ್ತಿದ್ದರು.

ನನ್ನ ಯಜಮಾನರು ಪೀಣ್ಯದ ಕಾರ್ಖಾನೆಗೆ ಓವರ್‌ಟೈಮ್ ಎಂದು ಬೆಳಗ್ಗೆಯೇ ಹೋಗಿದ್ದರು. ನಾನು ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಬಾಗಿಲಿನ ಮುಂದೆ ನಿಂತಿದ್ದಾಗ ನನಗೆ ಯಾವ ಸೂತ್ರವೂ ನೆನಪಾಗಲಿಲ್ಲ. ಚೌಕಟ್ಟಿನ ಮೇಲ್ತುದಿಗೆ ಕೈಯಿಟ್ಟು ನೋಡಿದೆ. ಬಾಗಿಲು ಹಿಡಿಯುತ್ತಿರುವುದು ಮೇಲ್ಗಡೆ. ಅಂದರೆ ಚೌಕಟ್ಟು ಕೆಳಗೆ ಒತ್ತುತ್ತಿದೆ. ಚೌಕಟ್ಟನ್ನು ಒತ್ತಲು ಅದರ ಮೇಲೆ ಇರುವುದು ಒಂದೇ.

“ಬಂದೆ ಅತ್ತೀ, ನೀವು ಹಾಲ್‌ನ್ಯಾಗ ಕುಂಡ್ರಿ,” ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿದೆ.

ಟೆರೇಸಿನಲ್ಲಿ ಓನರ್ ಪಂಚೆ ಎತ್ತಿಕಟ್ಟಿ ಪೈಪಿನ ಬಾಯಿ ಹಿಡಿದು ನಿಂತಿದ್ದರು. ಅವರ ಅಳಿಯ ಬಲೂನಿನ ದಾರ ಕಟ್ಟುತ್ತಿದ್ದರು. ಅಳಿಯ ಸಿವಿಲ್ ಇಂಜಿನಿಯರ್. ರಸ್ತೆ ಕಾಮಗಾರಿಯ ಕಂಪನಿಯೊಂದರಲ್ಲಿ ಕೆಲಸ. ಮಾತು ಕಡಿಮೆ, ಎದುರಾದಾಗಲೆಲ್ಲ ನಗುವ ಮನುಷ್ಯ. ಕೊಳದಲ್ಲಿ ನೀರು ಮೊಣಕಾಲಿನ ಹತ್ತಿರ ಬಂದಿತ್ತು.

“ಬನ್ನಿ ಮೇಡಮ್ನೋರೆ, ಎಂಗೈತೆ ನೋಡಿ ನಮ್ ಕೆರೆ!” ಎಂದರು ಓನರ್.

“ಚಂದ ಐತ್ರೀ ಸರ್. ಎಷ್ಟು ನೀರು ತುಂಬಸ್ತೀರಿ?”

“ನಾಕಡಿ. ಮಕ್ಳು ಟ್ಯೂಬ್ ಆಕ್ಕೊಂಡು ತೇಲ್ಬೇಕಲ್ಲ.”

“ಮೋಲ್ಡ್ ತಡೀತೈತೇನ್ರೀ? ನಮ್ಮ ರೂಮಿನ ಬಾಗಿಲು ಹಿಡಿಯಾಕತ್ತೈತಿ.”

ಅವರು ನಕ್ಕರು. “ಬಾಗ್ಲು ಇಡೀತದೆ ಅಂತ ಮೋಲ್ಡ್ ಬೀಳ್ತದಾ? ನಮ್ ಅಳೀಮಯ್ಯ ಎಲ್ಲಾ ಲೆಕ್ಕ ಆಕವ್ರೆ. ನೀರಿನ್ ಭಾರ ಇನ್ನೂರೈವತ್ತು. ಮೋಲ್ಡ್ ತಡಿಯೋದು ಮುನ್ನೂರು. ಇನ್ನೂ ಐವತ್ತು ಮಿಕ್ತದೆ.”

ಅಳಿಯ ತಲೆಯಾಡಿಸಿದರು. “ಹೌದು ಮೇಡಂ. ಇನ್ನೊಂದ್ ಫ್ಲೋರ್ ಹಾಕೋ ಪ್ಲ್ಯಾನ್ ಇತ್ತಲ್ಲ, ಅದಕ್ಕೇ ಸ್ಲ್ಯಾಬ್ ಸ್ವಲ್ಪ ಸ್ಟ್ರಾಂಗಾಗಿ ಹಾಕ್ಸಿದ್ರು. ಟೆನ್ಷನ್ ಬೇಡ.”

“ಇನ್ನೂರೈವತ್ತು ಅಂದ್ರ ಏನ್ರೀ?” ಎಂದು ಕೇಳಿದೆ.

“ಏನಂದ್ರೆ? ಇನ್ನೂರೈವತ್ತು!” ಎಂದರು ಓನರ್. ಅಷ್ಟರಲ್ಲಿ ಕೆಳಗಿನಿಂದ ಟ್ಯಾಂಕರಿನವನು ಏನೋ ಕೂಗಿದ. ಮೊದಲ ಟ್ಯಾಂಕರ್ ಖಾಲಿಯಾಗಿತ್ತು, ಎರಡನೆಯದು ಬಂದು ನಿಂತಿತ್ತು. ಅಳಿಯ ಪೈಪ್ ಬದಲಿಸಲು ಕೆಳಗೆ ಓಡಿದರು. ನನ್ನ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ತರಗತಿಯಲ್ಲಿ ನಾನು ದಿನವೂ ಕೇಳುವ ಪ್ರಶ್ನೆ ಅದು. ಫಸ್ಟ್ ಪಿಯು ಮಕ್ಕಳಿಗೆ ಮೊದಲು ಬರುವ ಪಾಠವೇ ಮಾನಗಳು ಮತ್ತು ಆಯಾಮಗಳು, ಅಂದರೆ ಯೂನಿಟ್ ಮತ್ತು ಡೈಮೆನ್ಷನ್. ಯಾರಿಗೂ ಬೇಡದ ಪಾಠ. ಸಮೀಕರಣದ ಎಡಗಡೆಯ ಆಯಾಮ ಬಲಗಡೆಯದಕ್ಕೆ ಹೊಂದಬೇಕು, ಉದ್ದಕ್ಕೆ ಕಾಲವನ್ನು ಕೂಡಿಸಲಾಗದು, ಹೊಂದದಿದ್ದರೆ ಸೂತ್ರ ಖಂಡಿತ ತಪ್ಪು ಎಂದು ಬೋರ್ಡಿನ ಮೇಲೆ ಬರೆದು ಬರೆದು ತೋರಿಸುತ್ತೇನೆ. “ಆನ್ಸರ್ ಸರಿ ಇದೆಯಲ್ಲ ಮೇಡಂ, ಯೂನಿಟ್ ಬರೀಲಿಲ್ಲ ಅಂತ ಯಾಕೆ ಮಾರ್ಕ್ಸ್ ಕಟ್ ಮಾಡ್ತೀರಾ?” ಎಂದು ಪ್ರತಿ ವರ್ಷ ಯಾರಾದರೂ ಜಗಳಕ್ಕೆ ಬಂದೇ ಬರುತ್ತಾರೆ.

ಮೆಟ್ಟಿಲಿಳಿಯುತ್ತಾ ನಾನೇ ಲೆಕ್ಕ ಹಾಕತೊಡಗಿದೆ. ಒಂದು ಘನ ಮೀಟರ್ ನೀರು ಸಾವಿರ ಕೆಜಿ. ನಾಲ್ಕಡಿ ಎಂದರೆ ಒಂದೂಕಾಲು ಮೀಟರಿಗೆ ಸ್ವಲ್ಪ ಕಡಿಮೆ. ಎತ್ತರವನ್ನು ಸಾಂದ್ರತೆಯಿಂದ ಗುಣಿಸಿದರೆ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಸಾವಿರದ ಇನ್ನೂರು ಕೆಜಿ. ಇನ್ನೂರೈವತ್ತು ಎಲ್ಲಿಂದ ಬಂತು? ನಾನೇ ತಪ್ಪಿದೆನೇನೋ ಎಂದು ಮೆಟ್ಟಿಲ ತಿರುವಿನಲ್ಲಿ ನಿಂತು ಮತ್ತೆ ಹಾಕಿದೆ. ಚದರ ಅಡಿಗೆ ಎಷ್ಟು ಕೆಜಿ ಎಂದು ನೋಡಿದೆ. ನೂರಾ ಹದಿಮೂರು. ಅದೂ ಅಲ್ಲ. ನ್ಯೂಟನ್‌ನಲ್ಲಿ ನೋಡಿದರೆ ಹನ್ನೆರಡು ಸಾವಿರದ ಹತ್ತಿರ. ಅದಂತೂ ಅಲ್ಲವೇ ಅಲ್ಲ. ಅಳಿಯ ಒಳ್ಳೆಯ ಇಂಜಿನಿಯರ್, ಇಲ್ಲದ ಸಂಖ್ಯೆಯನ್ನು ಹುಟ್ಟಿಸಿ ಹೇಳುವವರಲ್ಲ. ನನಗೆ ಗೊತ್ತಿರದ ಯಾವುದೋ ಲೆಕ್ಕ ಅವರಲ್ಲಿ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ.

ಮನೆಯೊಳಗೆ ಕಾಲಿಟ್ಟಾಗ ಅತ್ತೆ ಕುರ್ಚಿಯಲ್ಲಿರಲಿಲ್ಲ. ಬೆನ್ನು ನೋಯುತ್ತದೆಂದು ವಾಕರ್ ಹಿಡಿದು ಮತ್ತೆ ಕೋಣೆಗೆ ಹೋಗಿ ಮಲಗಿಬಿಟ್ಟಿದ್ದರು. ಅವರ ಹೊದಿಕೆಯ ಮೇಲೆ ಬಿಳಿಯ ಪುಡಿ ಬಿದ್ದಿತ್ತು. ತಲೆಯೆತ್ತಿ ನೋಡಿದೆ. ಗೋಡೆಯೂ ಮೋಲ್ಡೂ ಕೂಡುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು, ಈ ಮೂಲೆಯಿಂದ ಆ ಮೂಲೆಯವರೆಗೆ ಉದ್ದಕ್ಕೂ ಇತ್ತು. ಬೆಳಗ್ಗೆ ಹಾಸಿಗೆ ಸರಿಪಡಿಸುವಾಗ ಅದು ಇರಲಿಲ್ಲ.

ಆಗಲೇ ನನಗೆ ಪೌಂಡ್ ನೆನಪಾದದ್ದು. ನೂರಾ ಹದಿಮೂರು ಕೆಜಿಯನ್ನು ಪೌಂಡಿಗೆ ತಿರುಗಿಸಲು ಎರಡು ಪಾಯಿಂಟ್ ಎರಡರಿಂದ ಗುಣಿಸಿದೆ. ಇನ್ನೂರೈವತ್ತು ಬಂತು. ಲೆಕ್ಕ ಕೂಡಿಬಂದರೆ ಸಂತೋಷಪಡುವುದು ನನ್ನ ಸ್ವಭಾವ. ಆ ಲೆಕ್ಕ ಕೂಡಿಬಂದಾಗ ಮಾತ್ರ ಅದು ತಪ್ಪಿರಲಿ ಎಂದು ಇನ್ನೊಮ್ಮೆ ಗುಣಿಸಿದೆ. ನೀರಿನ ಭಾರ ಚದರ ಅಡಿಗೆ ಇನ್ನೂರೈವತ್ತು ಪೌಂಡ್. ಮೋಲ್ಡ್ ತಡೆಯುವುದು, ನಮ್ಮ ಇಂಜಿನಿಯರುಗಳ ರೂಢಿಯಂತೆ, ಚದರ ಮೀಟರಿಗೆ ಮುನ್ನೂರು ಕೆಜಿ. ಯಾರೋ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದು ಇನ್ನೊಂದಕ್ಕಿಂತ ಚಿಕ್ಕದು ಎಂದು ನೆಮ್ಮದಿಪಟ್ಟಿದ್ದರು. ನಿಜವಾಗಿ ನೀರಿನ ಭಾರವೇ ನಾಲ್ಕು ಪಟ್ಟು ದೊಡ್ಡದಾಗಿತ್ತು.

“ಅತ್ತೀ, ಏಳ್ರಿ. ಕೆಳಗ ಹೋಗೂಣು.”

“ಈಗ? ಯಾಕ? ಸಂಜೀಕ ಐತಿ ಅಂದ್ರಲ್ಲ ಹಬ್ಬಾ.”

“ಏನೂ ಕೇಳಬ್ಯಾಡ್ರಿ. ಏಳ್ರಿ.”

ನನ್ನ ದನಿ ಹೇಗಿತ್ತೋ, ಅವರು ವಾಕರಿಗೆ ಕೈ ಚಾಚಿದರು. ಆದರೆ ಅವರು ಮೆಟ್ಟಿಲಿಳಿದು ತಿಂಗಳುಗಳಾಗಿದ್ದವು. ನಡುಮಹಡಿಯ ಹೆಂಗಸನ್ನು ಕೂಗಿ ಕರೆದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ, ಗಟ್ಟಿ ಮೈಕಟ್ಟಿನ ಹೆಣ್ಣುಮಗಳು. ಅತ್ತೆಯ ಒಂದು ಕಂಕುಳಿಗೆ ಅವಳು, ಇನ್ನೊಂದಕ್ಕೆ ನಾನು. ಒಂದೊಂದು ಮೆಟ್ಟಿಲಿಗೂ ಅತ್ತೆ “ಶಿವನೇ” ಎನ್ನುತ್ತಿದ್ದರು. ಪಕ್ಕದ ಪೈಪಿನಲ್ಲಿ ನೀರು ಮೇಲೇರುವ ಸದ್ದು ಬಿಡದೆ ಕೇಳುತ್ತಿತ್ತು. ನಡುಮಹಡಿಗೆ ಬಂದಾಗ ಅವಳಿಗೆ ಹೇಳಿದೆ: “ನಿಮ್ಮ ಮನಿಯವರ ಕೈ ಹಿಡಿಸ್ಕೊಂಡು ಇವರನ್ನ ಇಳಿಸ್ರಿ, ಕೆಳಗಿನವರನ್ನೂ ಕರ್ಕೊಂಡ್ ಎಲ್ಲಾರೂ ಹೊರಗ ಹೋಗಿಬಿಡ್ರಿ. ನಾ ಮ್ಯಾಲೆ ಹೋಗಿ ಬರ್ತೀನಿ.”

“ಮೇಲೆ ಏನಾಯ್ತು ಅಕ್ಕಾ?”

“ಇನ್ನೂ ಆಗಿಲ್ಲ,” ಎಂದು ಮೇಲೆ ಓಡಿದೆ.

ಓನರ್ ಪೈಪ್ ಹಿಡಿದೇ ಇದ್ದರು, ಅಳಿಯ ಮೇಲೆ ಬಂದು ಮತ್ತೆ ಬಲೂನು ಕಟ್ಟುತ್ತಿದ್ದರು. ನೀರು ಮೊಣಕಾಲು ದಾಟಿತ್ತು. ಬಿಸಿಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು.

“ಸರ್, ನೀರು ನಿಲ್ಲಸ್ರಿ. ಈಗಲೇ.”

“ಯಾಕಮ್ಮಾ?”

“ನಿಮ್ಮ ಲೆಕ್ಕದಾಗ ಪೌಂಡು ಕೆಜಿ ಬೆರತಾವ. ಅಡಿ ಮೀಟರು ಬೆರತಾವ. ಮೋಲ್ಡ್ ಬಿರುಕು ಬಿಟ್ಟೈತಿ.”

ಅವರ ಮುಖ ಕೆಂಪಾಯಿತು. ಹಬ್ಬದ ದಿನ, ಅಳಿಯನ ಮುಂದೆ, ಅಳಿಯನ ಲೆಕ್ಕವನ್ನೇ ತಪ್ಪೆಂದಿದ್ದೆ. “ನೋಡಿ ಮೇಡಮ್ನೋರೆ, ನೀವು ಪಾಠ ಮಾಡೋರು, ಸರಿ. ಅವ್ರು ಇಂಜಿನಿಯರು. ಬಾಡಿಗೆಗೆ ಇರೋರು ಇಂಗೆ ಮಗೀನ ಅಬ್ಬದ ದಿನ ಅಪಶಕುನ ನುಡೀಬಾರ್ದು. ಬಿರುಕು ಅಂದ್ರೆ ಪ್ಲಾಸ್ಟರಿಂಗು. ನಾಳೆ ಮೇಸ್ತ್ರಿ ಕಳಿಸ್ತೀನಿ, ಓಗಿ.”

ನಾನು ಅವರನ್ನು ಬಿಟ್ಟು ಅಳಿಯನ ಕಡೆ ತಿರುಗಿದೆ. “ಸರ್, ಆ ಇನ್ನೂರೈವತ್ತು ನಿಮಗೆ ಎಲ್ಲಿ ಸಿಕ್ತು?”

“ಪೂಲ್ ಫಿಟಿಂಗ್ಸ್ ಕೊಟ್ರಲ್ಲ, ಅವ್ರ ಚಾರ್ಟಲ್ಲಿ. ಇಂಪೋರ್ಟೆಡ್ದು. ಫೋರ್ ಫೀಟ್‌ಗೆ ಟೂ ಫಿಫ್ಟಿ ಅಂತ...” ಎಂದವರು ಅಲ್ಲಿಗೇ ನಿಂತರು.

“ಟೂ ಫಿಫ್ಟಿ ಏನು?”

“ಒಂದ್ ನಿಮಿಷ,” ಎಂದು ಫೋನ್ ತೆಗೆದರು. ಬೆರಳು ಕ್ಯಾಲ್ಕುಲೇಟರಿನ ಮೇಲೆ ಓಡಿತು, ನಿಂತಿತು, ಅಳಿಸಿ ಮತ್ತೆ ಓಡಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಹೊತ್ತೂ ನೀರು ಬೀಳುತ್ತಲೇ ಇತ್ತು. ಮುಖದ ರಕ್ತ ಇಳಿಯುವುದು ಎಂದು ಬರೆದದ್ದನ್ನು ಓದಿದ್ದೆ. ಕಣ್ಣಾರೆ ಕಂಡದ್ದು ಅಂದು.

“ಮಾವ, ಪೈಪ್ ತೆಗೀರಿ.”

“ಏನಪ್ಪಾ ನೀನೂ...”

“ಮಾವ, ಪೈಪ್ ತೆಗೀರಿ ಮೊದ್ಲು! ಟ್ಯಾಂಕರ್ ಆಫ್ ಮಾಡ್ಸಿ!” ಎಂದು ಅವರು ಕಿರುಚಿದರು. ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಓನರ್ ಪೈಪನ್ನು ಹೊರಗೆಳೆದು ಹಾಗೇ ನಿಂತುಬಿಟ್ಟರು. ನೀರು ಅವರ ಕಾಲ ಮೇಲೆ ಹರಿಯಿತು.

ನಾನು ಅವರಿಗೆ ತಿಳಿಯುವಂತೆ ಹೇಳಲು ನೋಡಿದೆ. “ಸರ್, ಕ್ವಿಂಟಾಲಿನ ರಾಗಿ ಮೂಟೆ ನೆನೆಸ್ಕೊಳ್ರಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದಾಗ ಮೂರು ಮೂಟೆ ಇಟ್ರೆ ನಿಮ್ಮ ಮೋಲ್ಡ್ ತಡೀತೈತಿ. ನಾಲ್ಕಡಿ ನೀರು ಅಂದ್ರ ಹನ್ನೆರಡು ಮೂಟೆ. ಕೊಳದ ಉದ್ದಕ್ಕೂ ಹಂಗ.”

ಅವರು ಕೊಳವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ನೋಡಿದರು. ಮೂಟೆಗಳನ್ನು ಅವರ ಕಣ್ಣು ಪೇರಿಸುತ್ತಿತ್ತೆಂದು ತೋರುತ್ತದೆ. “ಈಗ ಎಷ್ಟೈತೆ?” ಎಂದರು, ಪಿಸುಮಾತಿನಲ್ಲಿ.

“ಆರು ಮೂಟೆ,” ಎಂದರು ಅಳಿಯ. “ಡಬಲ್ ಆಗೋಗಿದೆ ಮಾವ.”

ನೀರನ್ನು ಹೊರಬಿಡಬೇಕಿತ್ತು. ಕೊಳದ ತಳದಲ್ಲಿ ಒಂದು ತೂಬಿತ್ತು. ಅದರ ಮುಚ್ಚಳ ನೀರಿನೊಳಗಿತ್ತು. ಓನರ್ ಪಂಚೆ ಬಿಗಿದು ಒಳಗೆ ಇಳಿಯಲು ಹೋದರು. “ಬ್ಯಾಡ್ರೀ!” ಎಂದು ನಾನು ಅವರ ರಟ್ಟೆ ಹಿಡಿದೆ. ಅಷ್ಟು ಸಲಿಗೆಯಿಂದ ಅವರನ್ನು ಮುಟ್ಟಿದ್ದು ಅದೇ ಮೊದಲು. ಒಬ್ಬರ ಭಾರವಿರಲಿ, ಆಗ ನನಗೆ ಒಂದು ಬೊಗಸೆ ನೀರೂ ಹೆಚ್ಚೆನಿಸುತ್ತಿತ್ತು.

ತೂಬು ಇದ್ದದ್ದು ಹೊರಗೋಡೆಯ ಕಡೆ. ಅಲ್ಲಿ ನಮ್ಮ ಮನೆಯ ಗೋಡೆ ಮೋಲ್ಡಿಗೆ ನೇರ ಆಸರೆಯಾಗಿತ್ತು. ಅಳಿಯ ಆ ಅಂಚಿನಲ್ಲೇ ನಡೆದುಹೋಗಿ, ಕೊಳದ ಗೋಡೆಯ ಮೇಲೆ ಹೊಟ್ಟೆಯೂರಿ ಬಗ್ಗಿ, ಭುಜದವರೆಗೆ ಕೈ ಮುಳುಗಿಸಿ ತಡಕಾಡಿದರು. ಸಿಗಲಿಲ್ಲ. ಇನ್ನಷ್ಟು ಬಗ್ಗಿದರು, ಕೆನ್ನೆ ನೀರಿಗೆ ತಾಗಿತು. ಓನರ್ ಅವರ ಬೆಲ್ಟ್ ಹಿಡಿದುಕೊಂಡರು. ಕಾಲಡಿಯಲ್ಲಿ ಟಕ್ಕೆಂದು ಒಂದು ಸದ್ದಾಯಿತು. ಬಾಗಿಲ ಚೌಕಟ್ಟೋ, ಮೋಲ್ಡೋ, ನಮಗಾರಿಗೂ ತಿಳಿಯಲಿಲ್ಲ. ಅಳಿಯ ಕೈ ಹೊರತೆಗೆಯಲಿಲ್ಲ. ಮರುಕ್ಷಣ ತೂಬಿನಲ್ಲಿ ಗೊಳಗೊಳ ಎಂದು ನೀರು ಇಳಿಯತೊಡಗಿತು.

“ಎಲ್ಲರೂ ಕೆಳಗೆ,” ಎಂದರು ಅಳಿಯ. ಒಬ್ಬರ ಹಿಂದೊಬ್ಬರು ಇಳಿದೆವು. ನಮ್ಮ ಮನೆಯ ತೆರೆದ ಬಾಗಿಲ ಮುಂದೆ ಹಾಯುವಾಗ ಒಳಗೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಬೀದಿಯಲ್ಲಿ ಬೇರೆಯೇ ಗಲಾಟೆ. ಮಳೆನೀರಿನ ಪೈಪಿನಿಂದ ಒಳ್ಳೆಯ ನೀರು ಭೋರೆಂದು ಮೋರಿಗೆ ಹರಿಯುತ್ತಿತ್ತು. “ಏನ್ ಗುರು, ನಮ್ಗೆ ಕುಡಿಯಕ್ ನೀರಿಲ್ಲ, ನೀವು ಮೋರಿಗೆ ಬಿಡ್ತಿದೀರಾ!” ಎಂದು ಎದುರುಮನೆಯವರು ಟ್ಯಾಂಕರಿನವನ ಮೇಲೆ ರೇಗಾಡುತ್ತಿದ್ದರು. ಒಬ್ಬಳು ಬಿಂದಿಗೆ ತಂದಿಟ್ಟಳು. ನೋಡನೋಡುತ್ತಿದ್ದಂತೆ ಬಕೆಟ್ಟು, ಡ್ರಮ್ಮು, ಪಾತ್ರೆ ಹಿಡಿದು ಬೀದಿಯೇ ಬಂತು. ನಾನು ಕೈ ಅಡ್ಡ ಹಿಡಿದು, ಗೋಡೆಯ ಹತ್ತಿರ ನಿಲ್ಲಬೇಡಿ, ಒಂದು ಪೈಪ್ ಸೇರಿಸಿ ದೂರದಲ್ಲಿ ಹಿಡಿಯಿರಿ ಎಂದು ಕೂಗುತ್ತಲೇ ಇದ್ದೆ. ಟ್ಯಾಂಕರಿನವನು ತನ್ನ ಪೈಪನ್ನೇ ಅದಕ್ಕೆ ಸಿಕ್ಕಿಸಿ ರಸ್ತೆಯಾಚೆಗೆ ಎಳೆದ. ಏನಾಯಿತೆಂದು ಕೇಳಿದವರಿಗೆ ಓನರ್ “ಲೀಕ್ ಆಯ್ತಿತ್ತು” ಎಂದಷ್ಟೇ ಹೇಳುತ್ತಿದ್ದರು. ಅವರ ಕಣ್ಣು ಮಾತ್ರ ಎರಡನೆಯ ಮಹಡಿಯ ಕಿಟಕಿಯನ್ನು ಬಿಟ್ಟಿರಲಿಲ್ಲ.

ನೀರು ಪೂರ್ತಿ ಇಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮನೆ ನಿಂತೇ ಇತ್ತು. ನನ್ನ ಯಜಮಾನರು ಫೋನ್ ಕೇಳಿ ಪೀಣ್ಯದಿಂದ ಓಡಿಬಂದರು. ತಮ್ಮ ಅವ್ವ ಎದುರುಮನೆಯ ಜಗುಲಿಯ ಮೇಲೆ ಓನರಮ್ಮನ ಪಕ್ಕ ಕೂತು ಮಜ್ಜಿಗೆ ಕುಡಿಯುತ್ತಿದ್ದುದನ್ನು ನೋಡಿದ ಮೇಲೆಯೇ ಅವರಿಗೆ ಮಾತು ಹೊರಟದ್ದು.

ಹುಟ್ಟುಹಬ್ಬ ಆ ಜಗುಲಿಯಲ್ಲೇ ಆಯಿತು. ಮಗು ಈಜುಕೊಳ ಬೇಕೆಂದು ಅತ್ತು, ಕೇಕು ಕಂಡು ಸುಮ್ಮನಾಯಿತು. ಅಳಿಯ ಕೇಕಿನ ತುಂಡು ಕೈಯಲ್ಲಿ ಹಿಡಿದವರು ಬಾಯಿಗೆ ಹಾಕಿಕೊಳ್ಳಲೇ ಇಲ್ಲ.

ಮರುದಿನ ಕಟ್ಟಡಗಳ ಭಾರ ನೋಡುವ ಹಿರಿಯ ಇಂಜಿನಿಯರ್ ಒಬ್ಬರನ್ನು ಕರೆಸಿದರು. ಅವರು ನಮ್ಮ ಕೋಣೆಯಲ್ಲಿ ದಾರ ಕಟ್ಟಿ, ಮೋಲ್ಡ್ ನಡುವೆ ಎಷ್ಟು ತಗ್ಗಿದೆ ಎಂದು ಅಳೆದರು. ಹೆಬ್ಬೆರಳಿನ ದಪ್ಪಕ್ಕೆ ತಗ್ಗಿತ್ತು. “ಎರಡನೇ ಟ್ಯಾಂಕರ್ ಪೂರ್ತಿ ಹತ್ತಿದ್ರೆ?” ಎಂದು ನನ್ನ ಯಜಮಾನರು ಕೇಳಿದರು. ಆ ಹಿರಿಯರು ದಾರ ಸುತ್ತಿಕೊಳ್ಳುತ್ತಾ, “ಹತ್ತಲಿಲ್ಲವಲ್ಲ, ಬಿಡಿ,” ಎಂದರು. ಕೊಳವನ್ನು ಒಡೆದುಹಾಕಿದರು. ಮೋಲ್ಡಿಗೆ ಕಬ್ಬಿಣದ ಬೀಮ್ ಕೊಡುವವರೆಗೆ ನಮ್ಮ ಕೋಣೆಯಲ್ಲಿ ಆಸರೆಯ ಜಾಕಿಗಳು ನಿಂತಿದ್ದವು. ಅಷ್ಟು ದಿನ ನಾವು ಮೂವರೂ ಇದ್ದದ್ದು ಓನರ್ ಮನೆಯಲ್ಲಿ. ಅತ್ತೆಯೂ ಓನರಮ್ಮನೂ ತಂತಮ್ಮ ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡಿ, ಅರ್ಧ ಅರ್ಥವಾಗದಿದ್ದರೂ ನಗುತ್ತಿದ್ದರು.

ಆ ದಿನಗಳಲ್ಲೇ ಒಂದು ಸಂಜೆ ಅಳಿಯ ಬಂದು ನನ್ನ ಎದುರು ಕೂತರು. “ಟೂ ಫಿಫ್ಟಿನೂ ಸರಿ ಇತ್ತು ಮೇಡಂ, ತ್ರೀ ಹಂಡ್ರೆಡ್ಡೂ ಸರಿ ಇತ್ತು. ಎರಡನ್ನೂ ಎರಡೆರಡು ಸಲ ಚೆಕ್ ಮಾಡಿದ್ದೆ,” ಎಂದರು.

ಆ ದಿನದಿಂದ ನನ್ನನ್ನು ಕಾಡುತ್ತಿದ್ದುದೂ ಅದೇ. ಚದರ ಅಡಿಗೆ ಇಷ್ಟು ಪೌಂಡ್, ಚದರ ಮೀಟರಿಗೆ ಇಷ್ಟು ಕೆಜಿ, ಎರಡರ ಆಯಾಮವೂ ಒಂದೇ, ಬೇರೆಯಾದದ್ದು ಮಾನ ಮಾತ್ರ. ನಾನು ಬೋರ್ಡಿನ ಮೇಲೆ ಕಲಿಸುವ ಆಯಾಮ ಪರಿಶೀಲನೆಗೆ ಆ ಲೆಕ್ಕವನ್ನು ಒಡ್ಡಿದ್ದರೆ ಅದು ಸಲೀಸಾಗಿ ಪಾಸಾಗುತ್ತಿತ್ತು. ಅದನ್ನೇ ಅವರಿಗೆ ಹೇಳಿದೆ.

“ನನ್ ಮಗಳನ್ನ ಅದರೊಳಗೆ ಇಳಿಸ್ತಿದ್ದೆ,” ಎಂದರು. “ಅವಳ ಜೊತೆ ಅಷ್ಟೂ ಮಕ್ಕಳನ್ನ.”

“ಇಳಿಸಲಿಲ್ಲಲ್ರೀ. ನೀವೇ ಪೈಪ್ ತೆಗಿಸಿದ್ರಿ.”

“ನೀವ್ ಕೇಳಿದ್ದಕ್ಕೆ.”

“ಕೇಳಿದ ಕೂಡಲೇ ನೀವು ಲೆಕ್ಕಾ ತೆಗದ್ರಿ. ಎಷ್ಟು ಮಂದಿ ತೆಗೀತಾರ?”

ಅವರು ಕಣ್ಣೊರೆಸಿಕೊಂಡು ಎದ್ದರು. ಒಳಗಿನಿಂದ ಓನರ್ ಎರಡು ಲೋಟ ಕಾಫಿ ಹಿಡಿದು ಬಂದರು. ಎಂದೂ ಅಡುಗೆಮನೆಗೆ ಕಾಲಿಡದ ಮನುಷ್ಯ, ಅಂದು ಯಾಕೋ ತಾವೇ ತಂದಿದ್ದರು. ಒಂದು ಲೋಟವನ್ನು ನನಗೆ ಕೊಟ್ಟು, ಇನ್ನೊಂದನ್ನು ಅಳಿಯನ ಕೈಗೆ ಕೊಟ್ಟು ಅವರ ಭುಜದ ಮೇಲೆ ಕೈಯಿಟ್ಟು, “ಕುಂತ್ಕೊಳಪ್ಪ, ಕಾಪಿ ಕುಡ್ದು ಓಗು,” ಎಂದರು. ಅಳಿಯ ಮತ್ತೆ ಕೂತರು.